ಕಾಲಿಗೆ ಗಾಲಿ ಕಟ್ಟಿದ ಇಂಜಿನ್‌ಗಳು: ಅಪ್ಪನ ಜೊತೆ ಮೂರು ದಿನ

ಅಪ್ಪ ಹುಬ್ಬಳ್ಳಿ ಲೋಕೋ ಶೆಡ್‌ಗೆ ಖಲಾಸಿಯಾಗಿ ಸೇರಿದ್ದು 1975ರಲ್ಲಿ. ಆಮೇಲೆ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದರು. ಉಗಿ ಇಂಜಿನ್ ಹೋಗಿ ಡೀಸೆಲ್ ಬಂದಾಗ ಅಸಿಸ್ಟೆಂಟ್ ಆದರು, ಮುಂದೆ ಡ್ರೈವರ್ ಆಗಿ 2011ರಲ್ಲಿ ನಿವೃತ್ತರಾದರು. ಕರೆಂಟ್ ಇಂಜಿನ್ ಮಾತ್ರ ಅವರ ಕೈಗೆ ಬರಲಿಲ್ಲ. ನಮ್ಮ ಕಡೆ ತಂತಿ ಎಳೆಯುವ ಹೊತ್ತಿಗೆ ಅವರು ಮನೆ ಸೇರಿದ್ದರು.

2024ರ ಬೇಸಿಗೆಗೆ ಅವರು ಇಂಗ್ಲೆಂಡಿನ ಲೀಡ್ಸ್‌ಗೆ, ನನ್ನ ಮನೆಗೆ ಬಂದರು. ಅದೇ ಹೊತ್ತಿಗೆ ಲಂಡನ್ನಿನ ವೆಂಬ್ಲಿಯಲ್ಲಿ ‘ಸ್ಟಾರ್‌ಲೈಟ್ ಎಕ್ಸ್‌ಪ್ರೆಸ್’ ಮತ್ತೆ ಶುರುವಾಗಿತ್ತು. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಸಂಗೀತದ ಈ ನಾಟಕದಲ್ಲಿ ಪಾತ್ರಗಳೆಲ್ಲ ರೈಲುಗಳೇ. ನಟರು ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಹಾಡ್ತಾರೆ, ಕುಣೀತಾರೆ, ರೇಸ್ ಓಡ್ತಾರೆ. ರಸ್ಟಿ ಅನ್ನೋ ಹಳೇ ಉಗಿ ಇಂಜಿನ್, ಗ್ರೀಸ್‌ಬಾಲ್ ಅನ್ನೋ ಡೀಸೆಲ್, ಎಲೆಕ್ಟ್ರಾ ಅನ್ನೋ ಕರೆಂಟ್ ಇಂಜಿನ್, ಇವರ ನಡುವೆ ಪೈಪೋಟಿ. ಎಂಟು ವರ್ಷದ ನನ್ನ ಮಗ ಆಗಷ್ಟೇ ಸ್ಕೇಟಿಂಗ್ ಕಲಿಯೋಕೆ ಹಟ ಹಿಡಿದಿದ್ದ. ನನಗೆ ಬೇರೆ ಯೋಚನೆಯೇ ಬೇಕಾಗಲಿಲ್ಲ. ಮೂರು ಟಿಕೆಟ್ ತೆಗೆಸಿದೆ.

ಮೊದಲನೇ ದಿನ: ಯಾರ್ಕ್

ಲೀಡ್ಸ್‌ನಿಂದ ಯಾರ್ಕ್‌ಗೆ ಅರ್ಧ ಗಂಟೆಯ ದಾರಿ. ನೇರ ಲಂಡನ್ ರೈಲು ಬಿಟ್ಟು ಈ ಕಡೆ ಬಂದಿದ್ದು ಅಪ್ಪನಿಗಾಗಿ. ಸ್ಟೇಷನ್ನಿನ ಹಿಂದೆಯೇ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಇದೆ. ಪ್ರವೇಶಕ್ಕೆ ದುಡ್ಡಿಲ್ಲ. ಬೆಳಿಗ್ಗೆ ಬೇಗ ಹೋದರೆ ಇಂಜಿನ್‌ಗಳ ಹತ್ತಿರ ಸುಮ್ನೆ ನಿಂತು ನೋಡೋಕೆ ಜಾಗ ಸಿಗುತ್ತೆ. ಹನ್ನೊಂದರ ಮೇಲೆ ತಳ್ಳುಗಾಡಿಯಲ್ಲಿ ಕೂತ ಪುಟ್ಟ ಮಕ್ಕಳು ಬಂದು ತುಂಬಿಕೊಳ್ಳುತ್ತಾರೆ.

ಮ್ಯೂಸಿಯಮ್ಮಿನ ದೊಡ್ಡ ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಅಪ್ಪ ನಿಂತುಬಿಟ್ಟರು. ಎಣ್ಣೆ, ಕಬ್ಬಿಣ, ಹಳೇ ಮಸಿ, ಇವೆಲ್ಲ ಸೇರಿದ ಒಂದು ವಾಸನೆ ಅಲ್ಲಿ ಇತ್ತು. ನಾನು ಚಿಕ್ಕವಳಿದ್ದಾಗ ಅಪ್ಪನ ಡ್ಯೂಟಿ ಅಂಗಿಯಲ್ಲಿ ಬರುತ್ತಿದ್ದದ್ದು ಇದೇ ವಾಸನೆ. ಅವ್ವ ಆ ಅಂಗಿಯನ್ನು ಬೇರೆ ಬಟ್ಟೆಗಳ ಜೊತೆ ನೆನೆಸುತ್ತಲೇ ಇರಲಿಲ್ಲ.

ಎಲ್ಲರೂ ಹೋಗುವುದು ನೀಲಿ ಬಣ್ಣದ ‘ಮ್ಯಾಲರ್ಡ್’ ಹತ್ತಿರ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿ.ಮೀ. ವೇಗದಲ್ಲಿ ಓಡಿ ಉಗಿ ಇಂಜಿನ್‌ಗಳ ದಾಖಲೆ ಮಾಡಿದ್ದು ಇದೇ. ಮಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಅಪ್ಪನ ಕಣ್ಣು ಮಾತ್ರ ಪಕ್ಕದ ಇನ್ನೊಂದು ಇಂಜಿನ್ ಮೇಲೆ. ‘ಎಲ್ಲರ್‌ಮನ್ ಲೈನ್ಸ್’ ಅಂತ ಅದರ ಹೆಸರು, 1949ರಲ್ಲಿ ಕಟ್ಟಿದ್ದು. ಒಳಗಿನದು ಜನಕ್ಕೆ ಕಾಣಲಿ ಅಂತ ಅದರ ಒಂದು ಪಕ್ಕವನ್ನು ಕೊಯ್ದು ತೆರೆದಿಟ್ಟಿದ್ದಾರೆ. ಹಲಸಿನ ಹಣ್ಣು ಕೊಯ್ದಿಟ್ಟ ಹಾಗೆ.

“ಬಾ ತಮ್ಮಾ ಇಲ್ಲೆ,” ಅಂತ ಅಪ್ಪ ಮೊಮ್ಮಗನನ್ನು ಕರೆದರು. “ಇಲ್ಲಿ ಬೆಂಕಿ. ಬೆಂಕಿಯ ಬಿಸಿ ಗಾಳಿ ಈ ಪೈಪಿನಾಗ ಹಾದು ಮುಂದ ಹೋಗ್ತೈತಿ. ಪೈಪಿನ ಸುತ್ತ ನೀರು. ನೀರು ಕಾದು ಉಗಿ ಆಗ್ತೈತಿ. ಆ ಉಗಿ ಈ ಸಿಲಿಂಡರಿಗೆ ಬಂದು ಗಾಲಿ ತಿರಗಸ್ತೈತಿ. ಕೆಲಸ ಮುಗಿದ ಉಗಿ ಚಿಮಣಿಯಿಂದ ಹೊರಗ ಹಾರತೈತಿ. ಚುಕುಬುಕು ಅಂತೀರಲ್ಲ, ಅದ ಆ ಸಪ್ಪಳ. ಹಂಗ ಹಾರೂ ಮುಂದ ಅದು ಬೆಂಕೀನ್ನೂ ಎಳೀತೈತಿ. ಇಂಜಿನ್ ಎಷ್ಟು ಜೋರು ದುಡೀತೈತೋ, ಬೆಂಕಿ ಅಷ್ಟು ಜೋರು ಉರೀತೈತಿ.”

ನಾನು ಅವರ ಮಗಳು. ನಲವತ್ತು ವರ್ಷದಲ್ಲಿ ಚುಕುಬುಕು ಎಲ್ಲಿಂದ ಬರುತ್ತೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಅಲ್ಲೇ ಕುತ್ತಿಗೆಗೆ ಬ್ಯಾಡ್ಜ್ ಹಾಕಿಕೊಂಡ ವಯಸ್ಸಾದ ಸ್ವಯಂಸೇವಕರೊಬ್ಬರು ನಿಂತಿದ್ದರು. ಅಪ್ಪನ ಕೈ ಆಡುವುದನ್ನು ನೋಡಿ ಹತ್ತಿರ ಬಂದರು. “ಫೈರ್‌ಮನ್?” ಅಂದರು. ಅಪ್ಪ “ಯೆಸ್, ಮೀಟರ್ ಗೇಜ್,” ಅಂದರು. ಒಂದು ಮೀಟರ್ ಅಗಲದ ಹಳಿಯ ರೈಲು ಅಂತ ಅದರರ್ಥ. ಅಷ್ಟೇ ಸಾಕಾಯಿತು. ಲೀಡ್ಸ್‌ಗೆ ಬಂದ ಒಂದು ತಿಂಗಳಲ್ಲಿ ಅಪ್ಪ ಪಕ್ಕದ ಮನೆಯವರ ಜೊತೆ ಒಂದು ಮಾತೂ ಆಡಿರಲಿಲ್ಲ, ಇಂಗ್ಲಿಷ್ ಬರಲ್ಲ ಅನ್ನುತ್ತಿದ್ದರು. ಇಲ್ಲಿ ಇಂಜೆಕ್ಟರ್, ರೆಗ್ಯುಲೇಟರ್, ಕ್ಲಿಂಕರ್, ವ್ಯಾಕ್ಯೂಮ್, ಸ್ಯಾಂಡಿಂಗ್ ಅಂತ ಇಂಜಿನ್ ಕೆಲಸದ ಒಂದೊಂದೇ ಪದ ಇಬ್ಬರ ನಡುವೆ ಓಡಾಡಿತು. ಆ ಹಿರಿಯರ ತಂದೆ ಫೈರ್‌ಮನ್ ಆಗಿದ್ದರಂತೆ. ಬೆಂಕಿಗೂಡಿನ ಹಿಂದಿನ ಮೂಲೆಗೆ ಕಲ್ಲಿದ್ದಲು ಬೀಳಬೇಕಾದರೆ ಸಲಿಕೆಯನ್ನು ಹೇಗೆ ತಿರುಗಿಸಬೇಕು ಅಂತ ಅವರು ತೋರಿಸಿದರು. ಅಪ್ಪ ತಲೆ ಅಲ್ಲಾಡಿಸಿ, ಮಣಿಕಟ್ಟನ್ನು ಇನ್ನೂ ಸ್ವಲ್ಪ ಒಳಕ್ಕೆ ತಿರುಗಿಸಿ ತೋರಿಸಿದರು. ಇಬ್ಬರು ಮುದುಕರು ಬರಿಗೈಯಲ್ಲಿ ಸಲಿಕೆ ಹಿಡಿದು, ಸೀಳಿಟ್ಟ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದರು. ನಾನು ವಿಡಿಯೋ ತೆಗೆಯಲಿಲ್ಲ, ನೋಡುತ್ತಾ ನಿಂತೆ.

ಮಧ್ಯಾಹ್ನದ ರೈಲಿಗೆ ಲಂಡನ್ ಕಡೆ ಹೊರಟೆವು. ಗ್ರ್ಯಾಂಥಮ್ ಸ್ಟೇಷನ್ ದಾಟಿದ ಮೇಲೆ ಕಿಟಕಿ ಪಕ್ಕ ಕೂತಿರಿ ಅಂತ ಮ್ಯೂಸಿಯಮ್ಮಿನ ಹಿರಿಯರು ಹೇಳಿ ಕಳಿಸಿದ್ದರು. ಅಲ್ಲಿಂದ ಮುಂದೆ ಸ್ಟೋಕ್ ಬ್ಯಾಂಕ್ ಅನ್ನೋ ಉದ್ದನೆಯ ಇಳಿಜಾರು. ಮ್ಯಾಲರ್ಡ್ ದಾಖಲೆ ಮಾಡಿದ್ದು ಅದೇ ಇಳಿಜಾರಿನಲ್ಲಿ. ಹೊರಗೆ ಕೊಯ್ಲಾದ ಗೋಧಿ ಹೊಲ, ನಡುವೆ ಒಂಟಿ ಮರ, ಬೂದಿ ಬಣ್ಣದ ಮೋಡ. ಈಗಿನ ರೈಲುಗಳು ಈ ಹಾದಿಯಲ್ಲಿ ದಿನಾ ಗಂಟೆಗೆ 125 ಮೈಲಿ ಓಡುತ್ತವೆ. ಅಂದಿನ ದಾಖಲೆಗೆ ಒಂದೇ ಮೈಲಿ ಕಡಿಮೆ. ನಮ್ಮ ಮೇಜಿನ ಮೇಲಿದ್ದ ಚಹಾ ತುಳುಕಲೂ ಇಲ್ಲ.

“ದಾಖಲೆ ಆದಮ್ಯಾಲ ಆ ಇಂಜಿನ್ನಿನ ಬೇರಿಂಗ್ ಕಾದು ಹೋಗಿತ್ತಂತ,” ಅಂದರು ಅಪ್ಪ. “ಮುಂದಿನ ಊರಿಗೆ ಮೆಲ್ಲಕ ನಡಸ್ಕೊಂಡು ಹೋದ್ರಂತ.” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಓಡಸೂದು ಯಾರು ಬೇಕಾದ್ರೂ ಓಡಸ್ತಾರ, ನಿಂದರಸೂದು ಕಲೀಬೇಕು,” ಅಂದರು.

ರಾತ್ರಿ ಕಿಂಗ್ಸ್ ಕ್ರಾಸ್ ಹತ್ತಿರದ ಒಂದು ಸಣ್ಣ ಹೋಟೆಲ್. ಡಬ್ಬಿಯಲ್ಲಿದ್ದ ಒಗ್ಗರಣೆ ಅವಲಕ್ಕಿ, ಶೇಂಗಾ ಚಟ್ನಿಪುಡಿ ತಿಂದು ಮಲಗಿದೆವು.

ಎರಡನೇ ದಿನ: ದಾರಿ ತಪ್ಪಿ ವೆಂಬ್ಲಿಗೆ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಅಪ್ಪನ ಮೊಣಕಾಲು ಮಳೆ ಬಂದರೆ ಬಿಗಿಯುತ್ತೆ, ಹಾಗಾಗಿ ಮಧ್ಯಾಹ್ನದವರೆಗೆ ರೂಮಿನಲ್ಲೇ ಇದ್ದೆವು. ನಾಟಕ ಸಂಜೆ. ಅದಕ್ಕೆ ಮೊದಲು ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಊಟ ಮಾಡೋಣ ಅಂತ ಎರಡು ಗಂಟೆಗೆ ಹೊರಟೆವು.

ಕಿಂಗ್ಸ್ ಕ್ರಾಸ್‌ನಿಂದ ವೆಂಬ್ಲಿ ಪಾರ್ಕ್‌ಗೆ ಸುರಂಗ ರೈಲಿನ ಮೆಟ್ರೋಪಾಲಿಟನ್ ಲೈನಿನಲ್ಲಿ ಇಪ್ಪತ್ತು ನಿಮಿಷವಷ್ಟೇ. ಆದರೆ ಒಂದೇ ಪ್ಲಾಟ್‌ಫಾರ್ಮಿಗೆ ಮೂರು ಲೈನಿನ ರೈಲುಗಳು ಬರುತ್ತವೆ. ಮೆಟ್ರೋಪಾಲಿಟನ್ನಿನ ಬಣ್ಣ ಕಡುಗೆಂಪು ನೇರಳೆ, ಹ್ಯಾಮರ್‌ಸ್ಮಿತ್ ಲೈನಿನ ಬಣ್ಣ ಗುಲಾಬಿ. ಗಡಿಬಿಡಿಯಲ್ಲಿ ಎರಡೂ ಒಂದೇ ತರ ಕಾಣುತ್ತೆ. ಬಣ್ಣ ನಂಬಬೇಡಿ, ರೈಲಿನ ಹಣೆ ಮೇಲೆ ಬರೆದ ಊರು ಓದಿ. ನಾನು ಓದಲಿಲ್ಲ. ಎಡ್ಜ್‌ವೇರ್ ರೋಡ್ ಅನ್ನೋ ಹೆಸರು ಕಿವಿಗೆ ಬಿದ್ದಾಗ ತಪ್ಪು ಗೊತ್ತಾಯಿತು. ಇಳಿದು, ಮೆಟ್ಟಿಲು ಹತ್ತಿ, ಇನ್ನೊಂದು ಕಡೆ ಇಳಿದು, ಒಂದು ಸ್ಟೇಷನ್ ಹಿಂದಕ್ಕೆ ಬೇಕರ್ ಸ್ಟ್ರೀಟ್‌ಗೆ ಬಂದೆವು. ಅಪ್ಪ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವಾಗ ನನಗೆ ತುಂಬಾ ಬೇಜಾರಾಯಿತು.

ಆದರೆ ಹಾಗೆ ತಪ್ಪಿ ಇಳಿದದ್ದು ಬೇಕರ್ ಸ್ಟ್ರೀಟಿನ ಹಳೇ ಪ್ಲಾಟ್‌ಫಾರ್ಮಿನಲ್ಲಿ. ತಲೆ ಮೇಲೆ ಇಟ್ಟಿಗೆಯ ದೊಡ್ಡ ಕಮಾನು. ಎರಡೂ ಗೋಡೆಯಲ್ಲಿ ಮೇಲಕ್ಕೆ ಓರೆಯಾಗಿ ಹೋದ ಗೂಡುಗಳು, ಅದರೊಳಗೆ ಮಂದ ಬೆಳಕು. ಜಗತ್ತಿನ ಮೊದಲ ಸುರಂಗ ರೈಲು ಶುರುವಾಗಿದ್ದು ಈ ಹಾದಿಯಲ್ಲೇ, 1863ರ ಜನವರಿ 10ರಂದು, ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ. ಆಗ ಇಲ್ಲಿ ಓಡಿದ್ದು ಉಗಿ ಇಂಜಿನ್.

“ಸುರಂಗದಾಗ ಹೊಗೆಬಂಡಿ ಓಡಿಸಿದ್ರಾ?” ಅಪ್ಪ ಕತ್ತೆತ್ತಿ ಕಮಾನು ನೋಡಿದರು. ಬೆಂಚಿನ ಮೇಲೆ ಕೂತರು. ಎರಡು ರೈಲು ಬಂದು ಹೋದವು, ನಾವು ಏಳಲಿಲ್ಲ.

ಅಲ್ಲಿ ಅಪ್ಪ ಕ್ಯಾಸಲ್‌ರಾಕ್ ಘಟ್ಟದ ಮಾತು ತೆಗೆದರು. ಗೋವಾದ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ 37 ಅಡಿಗೆ ಒಂದು ಅಡಿ ಏರು. ಮುಂದೆ ಒಂದು ಇಂಜಿನ್ ಎಳೆಯಬೇಕು, ಹಿಂದಿನಿಂದ ಇನ್ನೊಂದು ನೂಕಬೇಕು. ನೂಕುವ ಇಂಜಿನ್ನಿಗೆ ಬ್ಯಾಂಕರ್ ಅಂತಾರೆ. ಸುರಂಗ ಬಂದಾಗ ಮುಂದಿನ ಇಂಜಿನ್ನಿನ ಹೊಗೆಯೆಲ್ಲ ಹಿಂದಿನವರ ಮುಖಕ್ಕೆ. “ಟವೆಲ್ ತೋಯಿಸಿ ಮುಖಕ್ಕ ಕಟ್ಕೊಂಡು ಕೆಳಗ ಕುಂದರತಿದ್ವಿ. ಕಣ್ಣು ಮುಚ್ಚಿ ಎಣಸೂದು. ಯಾವ ಸುರಂಗಕ್ಕ ಎಷ್ಟು ಎಣಿಸಿದ್ರ ಬೆಳಕು ಬರತೈತಿ ಅಂತ ಲೆಕ್ಕ ಗೊತ್ತಿರತಿತ್ತು.” ಇಳಿಯುವಾಗ ಇನ್ನೊಂದು ಕಷ್ಟವಂತೆ. ಬ್ರೇಕ್ ಸೋತ ಗಾಡಿ ಕೆಳಗಿನ ಊರಿಗೆ ನುಗ್ಗಬಾರದು ಅಂತ ಘಟ್ಟದಲ್ಲಿ ಪಕ್ಕಕ್ಕೊಂದು ಏರು ಹಳಿ ಇರುತ್ತೆ, ಅದನ್ನು ಕ್ಯಾಚ್ ಸೈಡಿಂಗ್ ಅಂತಾರೆ. ಗಾಡಿ ಹಿಡಿತದಲ್ಲಿದೆ ಅಂತ ನಿಲ್ಲಿಸಿ ತೋರಿಸಿದ ಮೇಲೆಯೇ ಮುಂದಿನ ದಾರಿ ಬಿಡುತ್ತಿದ್ದರು.

ಮಗ ಬಾಯಿ ತೆರೆದುಕೊಂಡು ಕೇಳಿದ. ನಾನೂ ಅಷ್ಟೇ. ದಾರಿ ತಪ್ಪಿದ್ದಕ್ಕೆ ಆಮೇಲೆ ನನಗೆ ಬೇಜಾರೇ ಉಳಿಯಲಿಲ್ಲ.

ವೆಂಬ್ಲಿಯಲ್ಲಿ ಮಳೆ ನಿಂತು ಬಿಸಿಲು ಬಂದಿತ್ತು. ಈಲಿಂಗ್ ರೋಡ್ ಅಂದರೆ ಗುಜರಾತಿ ಬೀದಿ. ಸೀರೆ ಅಂಗಡಿ, ಬಂಗಾರದ ಅಂಗಡಿ, ಹೊರಗೆ ರಾಶಿ ಹಾಕಿದ ಮಾವಿನಹಣ್ಣಿನ ಪೆಟ್ಟಿಗೆ, ಹೀರೇಕಾಯಿ, ಹಸಿ ಶೇಂಗಾ. ಒಂದು ಸಣ್ಣ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ದೋಸೆ ಗರಿಗರಿ, ಚಟ್ನಿ ತೆಳು, ಸಾಂಬಾರ್ ತಮಿಳರ ರುಚಿ. ಅಪ್ಪ ಎರಡು ತಿಂದರು. ತರಕಾರಿ ಅಂಗಡಿಯ ಯಜಮಾನರು ಶೇಂಗಾ ತೂಗುತ್ತಾ ಎಲ್ಲಿಯವರು ಅಂತ ಹಿಂದಿಯಲ್ಲಿ ಕೇಳಿದರು. 1972ರಲ್ಲಿ ಉಗಾಂಡದಿಂದ ಎಲ್ಲ ಬಿಟ್ಟು ಬಂದ ಕುಟುಂಬ ಅವರದ್ದು. ಅಪ್ಪ ರೈಲ್ವೆಯವರು ಅಂದದ್ದೇ ತಡ, “ನಮ್ಮ ಅಜ್ಜ ಕೂಡ ಪೂರ್ವ ಆಫ್ರಿಕದಲ್ಲಿ ರೈಲ್ವೆ ಗುಮಾಸ್ತ,” ಅಂದರು. ಶೇಂಗಾಕ್ಕೆ ಮೇಲೊಂದು ಹಿಡಿ ಹಾಕಿದರು.

ಥಿಯೇಟರ್ ಇರುವುದು ವೆಂಬ್ಲಿ ಪಾರ್ಕ್ ಸ್ಟೇಷನ್ನಿನಿಂದ ಸ್ವಲ್ಪ ನಡಿಗೆ, ಹೆಸರು ಟ್ರೂಬಡೂರ್. ಮೊದಲು ಅಲ್ಲಿ ಟಿವಿ ಸ್ಟುಡಿಯೋ ಇತ್ತು. ಹೊರಡುವ ಮುಂಚೆ ಒಂದು ಕೆಲಸ ಮಾಡಿ: ಆ ದಿನ ಪಕ್ಕದ ಸ್ಟೇಡಿಯಮ್ಮಿನಲ್ಲಿ ಮ್ಯಾಚ್ ಅಥವಾ ಸಂಗೀತ ಕಾರ್ಯಕ್ರಮ ಇದೆಯಾ ನೋಡಿಕೊಳ್ಳಿ. ಇದ್ದರೆ ಸ್ಟೇಷನ್ನಿನಿಂದ ಹೊರಬೀಳೋಕೇ ಅರ್ಧ ಗಂಟೆ ಜಾಸ್ತಿ ಬೇಕು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಅನ್ನೋ ಈ ಸುರಂಗ ರೈಲಿನಲ್ಲಿ ಟಿಕೆಟ್ ಬೇಡ ಅನ್ನುವುದೂ ಗೊತ್ತಿರಲಿ.

ಎರಡನೇ ದಿನ, ಸಂಜೆ: ನಾಟಕ

ಒಳಗೆ ಹೋದರೆ ಅದು ನಾಟಕದ ಮನೆ ಅನ್ನಿಸಲಿಲ್ಲ. ವೇದಿಕೆಯಿಂದ ಹೊರಟ ನುಣುಪಾದ ದಾರಿ ಪ್ರೇಕ್ಷಕರ ನಡುವೆ ಹಾದು, ಸುತ್ತಿ ಮತ್ತೆ ವೇದಿಕೆಗೆ ಸೇರುತ್ತಿತ್ತು. ನಮ್ಮ ಸೀಟು ಆ ದಾರಿಯ ಪಕ್ಕದಲ್ಲೇ. ಕೈ, ಕಾಲು, ಚೀಲ ಯಾವುದನ್ನೂ ಹೊರಗೆ ಚಾಚಬೇಡಿ ಅಂತ ಒಬ್ಬ ಹುಡುಗಿ ಬಂದು ಮೂರು ಸಲ ಹೇಳಿದಳು. ಹಿಂದಿನ ಎತ್ತರದ ಸೀಟಾ, ದಾರಿ ಪಕ್ಕದ್ದಾ ಅಂದರೆ ನನ್ನ ಲೆಕ್ಕದಲ್ಲಿ ದಾರಿ ಪಕ್ಕದ್ದೇ ಸರಿ. ಕಥೆಯ ಒಂದೆರಡು ತುಣುಕು ಬೆನ್ನ ಹಿಂದೆ ನಡೆದು ಹೋಗುತ್ತಿತ್ತು. ಆದರೆ ಗಾಲಿಯ ಸದ್ದು ಎದೆಗೆ ಬಂದು ಬಡಿಯುತ್ತಿದ್ದದ್ದು ಅಲ್ಲಿ ಮಾತ್ರ. ಸದ್ದು ನಿಜವಾಗಲೂ ಜೋರಿತ್ತು. ಚಿಕ್ಕ ಮಕ್ಕಳ ಕಿವಿಗೆ ಏನಾದರೂ ಬೇಕಿತ್ತು.

ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬಾಕೆ, ಜೊತೆಗೆ ಅವರ ಮಗಳು. ಆಕೆ ಚಿಕ್ಕವರಿದ್ದಾಗ ಮೊದಲ ನಾಟಕವನ್ನು ವಿಕ್ಟೋರಿಯಾದ ಅಪೊಲೊ ಥಿಯೇಟರಿನಲ್ಲಿ ನೋಡಿದ್ದರಂತೆ. ಅದು ಶುರುವಾಗಿದ್ದು 1984ರ ಮಾರ್ಚ್ 27ರಂದು, ನಿಂತದ್ದು 2002ರ ಜನವರಿಯಲ್ಲಿ. ಹೆಚ್ಚುಕಡಿಮೆ ಹದಿನೆಂಟು ವರ್ಷ, 7,400ಕ್ಕೂ ಹೆಚ್ಚು ಪ್ರದರ್ಶನ. ಜರ್ಮನಿಯ ಬೋಖುಮ್ ಊರಿನಲ್ಲಿ ಇದಕ್ಕೆಂದೇ ಒಂದು ಥಿಯೇಟರ್ ಕಟ್ಟಿ 1988ರಿಂದ ಆಡುತ್ತಿದ್ದಾರೆ. “ಆಗ ತಲೆ ಮೇಲಿನ ಬಾಲ್ಕನಿವರೆಗೂ ದಾರಿ ಇತ್ತು. ಒಬ್ಬ ನಟ ನನ್ನ ಪಕ್ಕದಿಂದ ಹೋದಾಗ ಕೂದಲು ಹಾರಿತ್ತು,” ಅಂತ ಆಕೆ ತಮ್ಮ ಕೂದಲು ಮುಟ್ಟಿ ತೋರಿಸಿದರು. ಆ ಗಾಳಿಯನ್ನು ಮಗಳಿಗೆ ತೋರಿಸೋಕೆ ಕರೆದುಕೊಂಡು ಬಂದಿದ್ದರು.

ದೀಪ ಆರಿತು. ಒಂದು ಮಗು ಆಟಿಕೆ ರೈಲುಗಳ ಜೊತೆ ಆಡುತ್ತಿದೆ. ಮಲಗುವ ಹೊತ್ತು. ಮಗುವಿನ ಕನಸಿನಲ್ಲಿ ರೈಲುಗಳೆಲ್ಲ ಜೀವ ತಾಳಿ ರೇಸಿಗೆ ಇಳಿಯುತ್ತವೆ. ಥಾಮಸ್ ಅನ್ನೋ ನೀಲಿ ಇಂಜಿನ್ನಿನ ಕಥೆಗಳನ್ನು ಕಾರ್ಟೂನ್ ಮಾಡಬೇಕು ಅಂತ ವೆಬ್ಬರ್ 1970ರ ದಶಕದಲ್ಲಿ ಹೊರಟಿದ್ದರು, ಆ ಯೋಚನೆ ಬೆಳೆದು ಈ ನಾಟಕ ಆಯಿತು. ಮಗನಿಗೆ ಇದನ್ನು ಮೊದಲೇ ಹೇಳಿದ್ದೆ, ಹಾಗಾಗಿ ಅವನಿಗೆ ಎಲ್ಲರೂ ಪರಿಚಯದವರೇ.

ಮೊದಲ ರೇಸ್ ಶುರುವಾದಾಗ ನಾನು ಕಥೆ ಮರೆತೆ. ಮಿನುಗುವ ದೀಪಗಳ ಹೆಲ್ಮೆಟ್, ಭುಜಕ್ಕೆ ಇಂಜಿನ್ನಿನ ಕವಚ, ಕಾಲಿಗೆ ನಾಲ್ಕು ಗಾಲಿಯ ಸ್ಕೇಟ್. ಇಷ್ಟು ಭಾರ ಹೊತ್ತುಕೊಂಡು ಅವರು ನಮ್ಮ ಮೊಣಕೈ ಪಕ್ಕದಿಂದ ಗುಂಯ್ ಅಂತ ಹೋದರು. ಮೊದಲು ಸದ್ದು, ಆಮೇಲೆ ಗಾಳಿ, ಆಮೇಲೆ ಬೆವರಿನ ವಾಸನೆ. ಪರದೆಗಳ ಮೇಲೆ ರೇಸ್ ಮುಂದುವರಿದು, ಮತ್ತೆ ನಮ್ಮ ಹಿಂದಿನಿಂದ ಬಂದು ನುಗ್ಗುತ್ತದೆ. ಮಗ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದಿದ್ದ.

ಅಪ್ಪ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. “ನಿಲ್ಲೂದು ನೋಡ,” ಅಂತ ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ನಾನೂ ಅದನ್ನೇ ನೋಡಿದೆ. ಪೂರ್ತಿ ವೇಗದಲ್ಲಿ ಬಂದವನು ಗೆರೆ ಮುಟ್ಟಿದಂತೆ ನಿಲ್ಲುತ್ತಾನೆ. ಮೊಣಕಾಲು ಬಗ್ಗುತ್ತೆ, ಸೊಂಟ ಓರೆಯಾಗುತ್ತೆ, ಹಿಂದಿನ ಕಾಲು ಅಡ್ಡಕ್ಕೆ ಎಳೆದು ಉಜ್ಜುತ್ತೆ. ಆ ಹೊತ್ತಿಗೇ ಹಾಡಿನ ಮುಂದಿನ ಸಾಲು ಶುರು. ಉಸಿರು ಎಲ್ಲಿಂದ ಬರುತ್ತೋ ಗೊತ್ತಿಲ್ಲ. ತಾಲೀಮಿಗೆ ಮೊದಲು ಇವರೆಲ್ಲ ಸ್ಕೇಟ್ ಶಾಲೆ ಮುಗಿಸಬೇಕಂತೆ, ಪಕ್ಕದಾಕೆ ಹೇಳಿದರು.

ಒಂದು ಗಳಿಗೆ ನನಗೆ ಮರೆಯಲು ಆಗಲ್ಲ. ಬೆಳಕೆಲ್ಲ ವೇದಿಕೆ ಮೇಲಿತ್ತು. ನಮ್ಮ ಪಕ್ಕದ ಕತ್ತಲಲ್ಲಿ ಒಬ್ಬ ನಟ ತನ್ನ ಸರದಿಗೆ ಕಾಯುತ್ತಿದ್ದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎದೆ ಏರಿ ಇಳಿಯುತ್ತಿತ್ತು. ಅವನು ಒಂದು ಕಾಲನ್ನು ಎತ್ತಿ, ಅಂಗೈಯಿಂದ ಗಾಲಿಗಳನ್ನು ಮುಟ್ಟಿ, ಒಮ್ಮೆ ತಿರುಗಿಸಿ ನೋಡಿದ. ಇನ್ನೊಂದು ಕಾಲು ಎತ್ತಿ ಹಾಗೇ ಮಾಡಿದ. ಅಪ್ಪ ನನ್ನ ಕೈ ಅದುಮಿದರು. “ಹಾಟ್ ಆಕ್ಸಲ್ ನೋಡಾಕತ್ತಾನ.” ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಕೆಳಗಿಳಿದು, ಗಾಲಿಯ ಪೆಟ್ಟಿಗೆಗೆ ಹಿಂಗೈ ತಾಗಿಸಿ ಬಿಸಿ ನೋಡುವುದು ಅವರ ಕೆಲಸವಾಗಿತ್ತು. ಮರುಕ್ಷಣ ಆ ಹುಡುಗ ಬೆಳಕಿಗೆ ಹಾರಿ ಹೋದ.

ಇಂಟರ್ವಲ್‌ನಲ್ಲಿ ನಟರ ಪಟ್ಟಿ ತೋರಿಸಿದೆ. ರಸ್ಟಿ ಪಾತ್ರದ ಎದುರು ಜೀವನ್ ಬ್ರೈಚ್ ಅಂತ ಇತ್ತು. ವೃತ್ತಿ ರಂಗಭೂಮಿಯಲ್ಲಿ ಅವನ ಮೊದಲ ಪಾತ್ರವೇ ಇದು. “ಜೀವನ್,” ಅಂತ ಅಪ್ಪ ಎರಡು ಸಲ ಹೇಳಿಕೊಂಡರು. “ರಸ್ಟಿ ಅಂದ್ರ ತುಕ್ಕು ಹಿಡಿದಾವ. ಆಡಾಂವ ಹೆಸರು ಜೀವನ್. ಚಲೋ ಆತು.”

ಹೊಸ ನಿರ್ದೇಶಕ ಲ್ಯೂಕ್ ಶೆಪರ್ಡ್ ಹಳೇ ನಾಟಕವನ್ನು ಹಾಗೇ ಎತ್ತಿ ಇಟ್ಟಿಲ್ಲ. ಆಗಿನ ಅಪ್ಪ ಇಂಜಿನ್ ಈಗ ತಾಯಿ ಇಂಜಿನ್ ಆಗಿದೆ, ಹೆಸರು ಮಾಮಾ ಮೆಕಾಯ್. ಹೈಡ್ರಾ ಅನ್ನೋ ಹೈಡ್ರೋಜನ್ ವ್ಯಾಗನ್ ಹೊಸದಾಗಿ ಸೇರಿದೆ. ಹರಿಯಾಣದ ಜಿಂದ್–ಸೋನಿಪತ್ ಹಾದಿಗೆ ನಮ್ಮ ರೈಲ್ವೆ ಹೈಡ್ರೋಜನ್ ರೈಲು ತಯಾರು ಮಾಡುತ್ತಿರುವುದು ಅಪ್ಪನಿಗೆ ಗೊತ್ತಿತ್ತು, ಅವರಿಗೆ ಹೈಡ್ರಾ ಬಹಳ ಹಿಡಿಸಿತು. ಒಂದು ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ಇಲ್ಲಿ ಡೀಸೆಲ್ ಇಂಜಿನ್ ಜಂಬದ ಕೋಳಿ, ಮೋಸಗಾರ. “ಡೀಸೆಲ್‌ಗೆ ಅನ್ಯಾಯ ಮಾಡ್ಯಾರ. ಡೀಸೆಲ್ ಬಂದಮ್ಯಾಲ ನಾವು ಮನಿಗೆ ಮನಷ್ಯಾರಂಗ ಬಂದ್ವಿ. ಅದಕ್ಕೂ ಮೊದಲ ನಿಮ್ಮವ್ವ ನನ್ನ ಮುಖ ನೋಡಬೇಕಂದ್ರ ಎರಡು ಕೊಡ ನೀರು ಬೇಕಿತ್ತು.” ನನಗೆ ಇದು ನ್ಯಾಯದ ಮಾತು ಅನ್ನಿಸಿತು. ಉಗಿ ಇಂಜಿನ್ನಿನ ಚೆಂದ ಹೊರಗಿನಿಂದ ನೋಡುವವರಿಗೆ ಜಾಸ್ತಿ, ಅದರ ಬೆಂಕಿ ಮುಂದೆ ನಿಂತವರ ಲೆಕ್ಕ ಬೇರೆ.

ಎರಡನೇ ಭಾಗದಲ್ಲಿ ಸೋತ ರಸ್ಟಿ ಒಬ್ಬನೇ ಉಳಿಯುತ್ತಾನೆ. ದೀಪಗಳೆಲ್ಲ ನಕ್ಷತ್ರವಾಗುತ್ತವೆ. ಓಟ ಇಲ್ಲ, ಲೇಸರ್ ಇಲ್ಲ, ಗಾಲಿ ಮೇಲೆ ಅಲುಗಾಡದೆ ನಿಂತ ಒಬ್ಬ ಹುಡುಗ ಹಾಡುತ್ತಾನೆ. ಇಡೀ ಸಂಜೆಯಲ್ಲಿ ಕಷ್ಟದ ಕೆಲಸ ಇದೇ ಇರಬೇಕು. ಕಾಲಿಗೆ ಎಂಟು ಗಾಲಿ ಇಟ್ಟುಕೊಂಡು ಸುಮ್ಮನೆ ನಿಲ್ಲುವುದು. ಅಪ್ಪನ ಕಡೆ ತಿರುಗಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಒರೆಸಿ ಮುಗಿದ ಮೇಲೂ ಹಾಕಿಕೊಳ್ಳಲಿಲ್ಲ.

ನಾಟಕ ಮುಗಿದು ಸ್ಟೇಷನ್ ಕಡೆ ನಡೆಯುವಾಗ ಹೇಳಿದರು. ಮೀಟರ್ ಗೇಜ್ ಹಳಿ ಕಿತ್ತು, ಇನ್ನೂ ಅಗಲದ ಬ್ರಾಡ್ ಗೇಜ್ ಮಾಡಿದ ಕಾಲ. ಕೊನೆಯ ಉಗಿ ಇಂಜಿನ್‌ಗಳನ್ನು ಶೆಡ್ಡಿನ ಹಿಂದೆ ಸಾಲಾಗಿ ನಿಲ್ಲಿಸಿದ್ದರಂತೆ. ಗುಜರಿಯವರು ಬರುವವರೆಗೆ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದವಂತೆ. ಅದರಲ್ಲಿ ಒಂದಕ್ಕೆ ಅಪ್ಪ ಆರು ವರ್ಷ ಕಲ್ಲಿದ್ದಲು ಹಾಕಿದ್ದರು. “ಡ್ಯೂಟಿಗೆ ಹೋಗೂ ಮುಂದ ಆ ಕಡೆ ಹಾದು ಹೋಗತಿದ್ದಿಲ್ಲ. ಸುತ್ತು ಹಾಕಿ ಹೋಗತಿದ್ದೆ.”

ಮೂರನೇ ದಿನ: ನದಿ ದಡ

ಬೆಳಿಗ್ಗೆ ವಿಕ್ಟೋರಿಯಾಕ್ಕೆ ಹೋಗಿ ಅಪೊಲೊ ಥಿಯೇಟರನ್ನು ಹೊರಗಿನಿಂದ ನೋಡಿದೆವು. ಈಗ ಅಲ್ಲಿ ಬೇರೆ ನಾಟಕ ನಡೆಯುತ್ತೆ. ಅದರ ಎದುರೇ ವಿಕ್ಟೋರಿಯಾ ರೈಲ್ವೆ ಸ್ಟೇಷನ್. ಹದಿನೆಂಟು ವರ್ಷ ಒಳಗೆ ಸ್ಕೇಟ್ ಕಟ್ಟಿದ ರೈಲುಗಳು ಓಡುತ್ತಿದ್ದಾಗ, ರಸ್ತೆಯ ಆಚೆ ನಿಜವಾದ ರೈಲುಗಳು ಓಡುತ್ತಿದ್ದವು.

ಅಲ್ಲಿಂದ ಬಸ್ ಹಿಡಿದು ಥೇಮ್ಸ್ ನದಿ ದಾಟಿದೆವು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೋ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಲಂಡನ್ನಿಗೆ ಬಂದ ನಮ್ಮ ಕಡೆಯವರು ಅಲ್ಲಿಗೆ ಹೋಗದೆ ಊರಿಗೆ ಮರಳಲ್ಲ. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. ಬೆಂಚಿನ ಮೇಲೆ ಕೂತು ಮೂವರೂ ಈಲಿಂಗ್ ರೋಡಿನ ಹಸಿ ಶೇಂಗಾ ಸುಲಿದು ತಿಂದೆವು. ಗಾಳಿ ತಣ್ಣಗಿತ್ತು. ಸಿಪ್ಪೆ ಹಾಕಲು ಅಪ್ಪ ಕರವಸ್ತ್ರ ಹಾಸಿದರು.

ವಾಪಸ್ ರೈಲು ಒಂದು ಗಂಟೆ ತಡವಾಗಿ ಹೊರಟಿತು. ಕಾರಣ ಯಾರೂ ಸರಿಯಾಗಿ ಹೇಳಲಿಲ್ಲ. ಇಂಥ ತಡಕ್ಕೆ ಇಲ್ಲಿ ದುಡ್ಡು ವಾಪಸ್ ಕೇಳಬಹುದು, ಹಾಗಾಗಿ ಟಿಕೆಟ್ ಬಿಸಾಡಬೇಡಿ. ಕಾಯುವ ಹೊತ್ತಿನಲ್ಲಿ ಅಪ್ಪ, ಮಗ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಇಂಜಿನ್ ನೋಡಿಕೊಂಡು ಬಂದರು. ಡ್ರೈವರ್ ಹೆಂಗಸು ಅಂತ ಅಪ್ಪ ಬಂದು ಹೇಳಿದರು. ಅವರಿಗೆ ಸಲಾಮು ಹೊಡೆದರಂತೆ, ಅವರೂ ಕೈ ಎತ್ತಿದರಂತೆ.

ಮುಂದಿನ ಭಾನುವಾರ ಮನೆ ಹಿಂದಿನ ಪಾರ್ಕಿನಲ್ಲಿ ಮಗ ಹೊಸ ಸ್ಕೇಟ್ ಕಟ್ಟಿಕೊಂಡ. ರಸ್ಟಿಯ ಹಾಗೆ ಓಡಬೇಕು ಅಂತ ಅವನ ಆಸೆ. ಅಜ್ಜ ಬಿಡಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. “ಮೊದಲ ಇಲ್ಲಿ ನಿಂದ್ರು. ನಿಂತು ತೋರಸು, ಆಮ್ಯಾಲ ದಾರಿ ಬಿಡ್ತೀನಿ.” ಹುಡುಗ ಗೆರೆ ದಾಟಿ ಹುಲ್ಲಿಗೆ ಹೋಗಿ ಬಿದ್ದ. ಎದ್ದು ಬಂದ. ಮತ್ತೆ ದಾಟಿದ. ಎಷ್ಟೋ ಸಲ ಆದಮೇಲೆ ಹಿಂದಿನ ಕಾಲು ಅಡ್ಡಕ್ಕೆ ಎಳೆದು, ತೋಳು ಬಡಿದು, ಗೆರೆಯ ಮೇಲೆ ಸರಿಯಾಗಿ ನಿಂತ.

ಅಜ್ಜ ಅವನ ಬೆನ್ನಿಗೆ ಅಂಗೈ ಇಟ್ಟರು. “ಈಗ ಏರು ಐತಿ. ನಾ ಬ್ಯಾಂಕರ್,” ಅಂದರು. ಬಿಗಿದ ಮೊಣಕಾಲಿನಲ್ಲೇ ಮೆಲ್ಲಗೆ ನೂಕುತ್ತಾ, ಬಾಯಲ್ಲಿ ಚುಕುಬುಕು ಅನ್ನುತ್ತಾ, ಇಬ್ಬರೂ ಪಾರ್ಕಿನ ದಿಬ್ಬ ಹತ್ತಿದರು.